ಘಾರಾಪುರಿಗೆ ಮೊದಲ ಲಾಂಚು ಹಿಡಿಯಿರಿ

ಊರಿಂದ ನೆಂಟರು ಬಂದಾಗ ತೋರಿಸುವ ಜಾಗಗಳ ಪಟ್ಟಿಯಲ್ಲಿ ಎಲಿಫೆಂಟಾ, ಅಂದರೆ ಘಾರಾಪುರಿ, ಇಲ್ಲದ ಮುಂಬಯಿ ಕನ್ನಡಿಗರ ಮನೆ ಸಿಗುವುದು ಕಷ್ಟ. ಆದರೆ ಅದರ ಸರದಿ ಬರುವುದು ಕೊನೆಗೆ. ಬೆಳಿಗ್ಗೆ ಸಿದ್ಧಿವಿನಾಯಕ, ಮಹಾಲಕ್ಷ್ಮಿ ಮುಗಿಸಿ, ಗೇಟ್‌ವೇ ಎದುರು ಫೋಟೊ ತೆಗೆಸಿಕೊಂಡು, ಹೊತ್ತು ಉಳಿದರೆ ಲಾಂಚು ಹತ್ತುವುದು. ಹೋಗಿ ಮೂರು ಮುಖದ ಶಿವನನ್ನು ಕಂಡು, ಮೆಟ್ಟಿಲ ಬದಿಯ ಅಂಗಡಿಯಲ್ಲಿ ಒಂದು ಟೋಪಿ, ಮಕ್ಕಳಿಗೊಂದು ಸರ ಕೊಂಡು ಕತ್ತಲಾಗುವ ಮೊದಲೇ ವಾಪಸಾಗುವುದು. ಹೀಗೆ ಹೋಗಿ ಬಂದವರು ‘ಏನಿದೆ ಅಲ್ಲಿ, ಒಡೆದ ಕಲ್ಲು, ಮಂಗಗಳ ಕಾಟ’ ಎನ್ನುತ್ತಾರೆ. ಅವರ ಮಾತು ಸುಳ್ಳೆಂದು ನಾನು ಹೇಳಲಾರೆ. ಅರ್ಧ ದಿನದಲ್ಲಿ ಆ ದ್ವೀಪ ತೋರಿಸುವುದು ಅಷ್ಟನ್ನೇ. ಮೂವತ್ತು ನಲವತ್ತು ವರ್ಷ ಈ ನಗರದಲ್ಲಿ ದುಡಿದು, ನೆಂಟರ ನೆಪದಲ್ಲಿ ಎರಡು ಮೂರು ಸಲ ಅಲ್ಲಿಗೆ ಹೋಗಿಯೂ ಅದನ್ನು ನೋಡದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಘಾರಾಪುರಿ ಒಂದು ಇಡೀ ದಿನವನ್ನು ಬೇಡುವ ಜಾಗ. ಅದರಲ್ಲೂ ಬಾದಾಮಿ, ಐಹೊಳೆಗಳನ್ನು ಒಮ್ಮೆಯಾದರೂ ಕಂಡ ಕನ್ನಡಿಗರು ಅಲ್ಲಿಗೆ ಬೇರೆ ಯಾರಿಗೂ ಇಲ್ಲದ ಒಂದು ಸಿದ್ಧತೆಯೊಂದಿಗೆ ಹೋಗಬಲ್ಲರು. ಯಾಕೆ, ಹೇಗೆ ಎನ್ನುವುದೇ ಈ ಲೇಖನದ ವಿಷಯ.

ಮೊದಲು ಗಂಟೆಗಳ ಲೆಕ್ಕ. ಗೇಟ್‌ವೇಯಿಂದ ಘಾರಾಪುರಿ ಸುಮಾರು 10 ಕಿಲೋಮೀಟರ್, ಲಾಂಚಿನಲ್ಲಿ ಒಂದು ಗಂಟೆಯ ದಾರಿ. ಬೆಳಗಿನ ಒಂಬತ್ತರ ಹೊತ್ತಿಗೆ ಮೊದಲ ಲಾಂಚು ಹೊರಡುತ್ತದೆ. ಅಲ್ಲಿಂದ ಕೊನೆಯದು ಸಂಜೆ ಐದೂವರೆಯ ಆಸುಪಾಸು. ಸೋಮವಾರ ಗುಹೆಗಳಿಗೆ ರಜೆ. ಹನ್ನೆರಡಕ್ಕೆ ಗೇಟ್‌ವೇಯಲ್ಲಿ ಸಾಲಿಗೆ ನಿಂತವರು ದ್ವೀಪ ಮುಟ್ಟುವಾಗ ಒಂದೂವರೆ, ಮೆಟ್ಟಿಲು ಹತ್ತಿ ಟಿಕೆಟು ತೆಗೆಯುವಾಗ ಎರಡೂಕಾಲು. ಹಸಿವು, ಬಿಸಿಲು, ಗಲಾಟೆ ಮೂರೂ ಒಟ್ಟಿಗೆ ಏರಿರುವ ಹೊತ್ತು ಅದು. ನಾಲ್ಕಕ್ಕೆ ಮರಳುವ ಲಾಂಚಿನ ಚಿಂತೆ ಶುರುವಾಗುತ್ತದೆ. ಊಟಕ್ಕೂ ಮೆಟ್ಟಿಲು ಇಳಿಯುವುದಕ್ಕೂ ಹೋದ ಹೊತ್ತು ಕಳೆದರೆ ಗುಹೆಗೆ ಸಿಕ್ಕಿದ್ದು ನಲವತ್ತು ನಿಮಿಷ. ಅದೇ ಒಂಬತ್ತರ ಲಾಂಚು ಹಿಡಿದವರು ಹನ್ನೊಂದರ ಒಳಗೆ, ಜನ ಸೇರುವ ಮೊದಲೇ ಗುಹೆಯೊಳಗೆ ಇರುತ್ತಾರೆ. ಅವರ ಮುಂದೆ ಆರು ಗಂಟೆ ಉಳಿದಿರುತ್ತದೆ. ಡೊಂಬಿವಲಿ, ಮೀರಾ ರೋಡ್, ವಸಯಿ ಕಡೆಯವರು ಇದಕ್ಕಾಗಿ ಆರೂವರೆಗೇ ಮನೆ ಬಿಡಬೇಕಾಗುತ್ತದೆ ನಿಜ. ದಿನಾ ಕೆಲಸಕ್ಕೆ ಅದೇ ಹೊತ್ತಿಗೆ ಬಿಡುವ ಊರಿದು. ಸಿ.ಎಸ್.ಎಂ.ಟಿ. ಅಥವಾ ಚರ್ಚ್‌ಗೇಟ್‌ನಲ್ಲಿ ಇಳಿದರೆ ಗೇಟ್‌ವೇಗೆ ಬಸ್ಸು, ಟ್ಯಾಕ್ಸಿ ಎರಡೂ ಇವೆ. ಬೆಳಗಿನ ತಂಪಿನಲ್ಲಿ ನಡೆದೂ ಹೋಗಬಹುದು. ಭಾನುವಾರವಾದರೆ ಲೋಕಲ್ ರೈಲಿನ ಮೆಗಾ ಬ್ಲಾಕ್ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಬ್ಲಾಕು ಸಾಮಾನ್ಯವಾಗಿ ಬೆಳಿಗ್ಗೆ ಹತ್ತು ಹನ್ನೊಂದರ ಮೇಲೆ ಶುರುವಾಗುವುದರಿಂದ ಬೇಗ ಹೊರಟವರಿಗೆ ಅದರ ಬಿಸಿ ತಟ್ಟುವುದಿಲ್ಲ. ಮೊದಲ ಲಾಂಚಿನ ಪರವಾಗಿ ಇದೂ ಒಂದು ಕಾರಣ. ಆಗುವುದಾದರೆ ಶನಿವಾರವೇ ಹೋಗಿ. ಫೋರ್ಟಿನ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಇಡ್ಲಿ ವಡೆ ಮುಗಿಸಿ, ತಲಾ ಎರಡು ಬಾಟಲಿ ನೀರು ಹಿಡಿದು ಧಕ್ಕೆಗೆ ಬನ್ನಿ.

ಲಾಂಚಿನ ಒಂದು ಗಂಟೆಯನ್ನು ವ್ಯರ್ಥವೆಂದು ಲೆಕ್ಕ ಹಾಕಬೇಡಿ. ಮುಂಬಯಿಯನ್ನು ನಾವು ದಿನವೂ ನೋಡುವುದು ರೈಲಿನ ಬಾಗಿಲಿನಿಂದ, ಒಳಗಿನಿಂದ. ಈ ನಗರ ಯಾಕೆ ಇಲ್ಲಿ ಬೆಳೆಯಿತು ಎಂಬುದು ತಿಳಿಯಬೇಕಾದರೆ ನೀರಿನ ಮೇಲೆ ನಿಂತು ನೋಡಬೇಕು. ಗೇಟ್‌ವೇ ಹಿಂದೆ ಸರಿಯುತ್ತಿದ್ದಂತೆ ಎಡಕ್ಕೆ ನೌಕಾಪಡೆಯ ಬೂದು ಬಣ್ಣದ ಹಡಗುಗಳು. ಮುಂದೆ ತೈಲ ಹಡಗುಗಳು ಬಂದು ನಿಲ್ಲುವ ಜವಾಹರ ದ್ವೀಪ, ಹಳಬರ ಬಾಯಲ್ಲಿ ಬುಚರ್ ಐಲ್ಯಾಂಡ್. ಅದರಾಚೆ ಶಿವಡಿಯಿಂದ ನ್ಹಾವಾ ಶೇವಾಕ್ಕೆ ಹೋಗುವ ಅಟಲ್ ಸೇತುವಿನ ಉದ್ದನೆಯ ಗೆರೆ. ಪೂರ್ವಕ್ಕೆ ನ್ಹಾವಾ ಶೇವಾ ಬಂದರಿನ ಕ್ರೇನುಗಳು. ಸಾವಿರದ ಐನೂರು ವರ್ಷದ ಹಿಂದೆಯೂ ಈ ಒಳಗಡಲು ಹಡಗುಗಳ ತಾಣವೇ ಆಗಿತ್ತು ಎಂಬ ಮಾತಿಗೆ ಮುಂದೆ ಬರುತ್ತೇನೆ. ಚಳಿಗಾಲದಲ್ಲಿ ಕಡಲಹಕ್ಕಿಗಳು ಲಾಂಚಿನ ಜೊತೆಜೊತೆಗೇ ಹಾರಿಬರುತ್ತವೆ. ಜನ ಕುರುಕುಲು ತಿಂಡಿ ಎಸೆಯುತ್ತಾರೆ. ನೀವು ಎಸೆಯಬೇಡಿ, ಎಣ್ಣೆ ಉಪ್ಪಿನ ತಿಂಡಿ ಅವುಗಳ ಆಹಾರವಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ನೇರವಾಗಿ ಉತ್ತರಿಸಬೇಕು. 2024ರ ಡಿಸೆಂಬರ್ 18ರಂದು ಘಾರಾಪುರಿಗೆ ಹೊರಟಿದ್ದ ಪ್ರಯಾಣಿಕರ ಲಾಂಚಿಗೆ, ಎಂಜಿನ್ ಪರೀಕ್ಷೆ ನಡೆಸುತ್ತಿದ್ದ ನೌಕಾಪಡೆಯ ವೇಗದ ಬೋಟು ಬಂದು ಬಡಿದು 15 ಮಂದಿ ತೀರಿಕೊಂಡರು. ಆಮೇಲೆ ‘ಆ ಕಡೆ ಹೋಗುವುದೇ ಬೇಡ’ ಎಂದು ತೀರ್ಮಾನಿಸಿದ ಮನೆಗಳಿವೆ. ಆ ಭಯವನ್ನು ಹಗುರ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಭಯಕ್ಕೆ ತಕ್ಕ ಉತ್ತರ ನಮ್ಮ ಕೈಯಲ್ಲೇ ಇದೆ: ಹತ್ತಿದ ಕೂಡಲೇ ಲೈಫ್ ಜಾಕೆಟ್ ಕೇಳಿ ತೊಟ್ಟುಕೊಳ್ಳುವುದು, ಮಕ್ಕಳಿಗೆ ಅವರ ಅಳತೆಯದನ್ನೇ ಕೇಳುವುದು, ಪಟ್ಟಿಗಳನ್ನು ಬಿಗಿಯಾಗಿ ಕಟ್ಟುವುದು, ತುಂಬಿ ತುಳುಕುವ ಲಾಂಚು ಕಂಡರೆ ಬಿಟ್ಟು ಮುಂದಿನದನ್ನು ಕಾಯುವುದು. ಸೆಕೆಯಾಗುತ್ತದೆ, ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಜಾಕೆಟನ್ನು ಮಡಿಲಲ್ಲಿ ಇಟ್ಟುಕೊಳ್ಳಬೇಡಿ. ಮುಂದಿನದನ್ನು ಕಾಯುವ ಸ್ವಾತಂತ್ರ್ಯ ಇರುವುದೂ ಬೇಗ ಬಂದವರಿಗೇ.

ಧಕ್ಕೆಯಿಂದ ಬೆಟ್ಟದ ಬುಡದವರೆಗೆ ಪುಟಾಣಿ ರೈಲು ಇದೆ. ಮಕ್ಕಳಿಗೆ ಅದರಲ್ಲಿ ಹೋಗುವುದೇ ಹಬ್ಬ. ಅಲ್ಲಿಂದ ಮೇಲಕ್ಕೆ ಸುಮಾರು 120 ಮೆಟ್ಟಿಲು, ಎರಡೂ ಬದಿಗೆ ಅಂಗಡಿಗಳು, ತಲೆಯ ಮೇಲೆ ಬಿಸಿಲಿಗೆ ಕಟ್ಟಿದ ಹೊದಿಕೆ. ಮಂಡಿನೋವಿನವರಿಗೆ ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುವ ಡೋಲಿಯವರು ಸಿಗುತ್ತಾರೆ. ಹೋಗಿ ಬರುವುದಕ್ಕೆ ಒಟ್ಟು ಎಷ್ಟೆಂದು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಮಂಗಗಳ ವಿಷಯ ಸರಳ. ಕೈಯಲ್ಲಿ ಕಾಣುವಂತೆ ತಿಂಡಿ, ಬಣ್ಣದ ಬಾಟಲಿ ಹಿಡಿದಿದ್ದರೆ ಕಸಿಯುತ್ತವೆ. ಚೀಲದೊಳಗೆ ಹಾಕಿ ಜಿಪ್ ಎಳೆದಿದ್ದರೆ ಸುಮ್ಮನಿರುತ್ತವೆ. ಕೊಳ್ಳುವುದಿದ್ದರೆ ಇಳಿಯುವಾಗ ಕೊಳ್ಳಿ.

ಈಗ ಗುಹೆ. ಟಿಕೆಟು ತೋರಿಸಿ ಒಳಬಂದವರೆಲ್ಲ ನೇರ ನಡೆದು ದಕ್ಷಿಣದ ಗೋಡೆಯ ಮೂರು ಮುಖಗಳ ಎದುರು ನಿಲ್ಲುತ್ತಾರೆ, ಚಿತ್ರ ತೆಗೆಯುತ್ತಾರೆ, ತಿರುಗುತ್ತಾರೆ. ಇಡೀ ದಿನ ಬೇಕೆಂಬ ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಇಲ್ಲ. ಯಾಕೆಂದರೆ ಈ ಗುಹೆಯನ್ನು ಕೊರೆದವರು ಅದಕ್ಕೆ ಒಂದೇ ದಾರಿ ಇಟ್ಟಿಲ್ಲ. ಉತ್ತರದ ಬಾಗಿಲಿನಿಂದ ಸುಮಾರು 39 ಮೀಟರ್ ಒಳಕ್ಕೆ ಸಾಗುವ ದಾರಿ ಸದಾಶಿವನ ಎದುರು ನಿಲ್ಲಿಸುತ್ತದೆ. ಪೂರ್ವದ ಅಂಗಳದಿಂದ ಪಶ್ಚಿಮಕ್ಕೆ ಸಾಗುವ ಇನ್ನೊಂದು ದಾರಿ ನಾಲ್ಕು ಬಾಗಿಲಿನ, ಬಾಗಿಲಿಗಿಬ್ಬರಂತೆ ಆಳೆತ್ತರ ಮೀರಿದ ದ್ವಾರಪಾಲಕರು ಕಾಯುವ ಲಿಂಗದ ಗರ್ಭಗುಡಿಗೆ ತಲುಪಿಸುತ್ತದೆ. ಒಂದು ದಾರಿ ಮುಖವಿರುವ ಶಿವನಿಗೆ, ಇನ್ನೊಂದು ರೂಪವೇ ಇಲ್ಲದ ಶಿವನಿಗೆ. ಎರಡು ದಾರಿಗಳೂ ಒಂದನ್ನೊಂದು ಅಡ್ಡಹಾಯುತ್ತವೆ. ಇನ್ನು ಗೋಡೆಯ ದೊಡ್ಡ ಶಿಲ್ಪಗಳನ್ನು ನೋಡಿ, ಅವು ಜೋಡಿ ಜೋಡಿಯಾಗಿವೆ. ಉತ್ತರದ ಬಾಗಿಲಲ್ಲಿ ಒಂದು ಕಡೆ ಕುಣಿಯುವ ನಟರಾಜ, ಎದುರಿಗೆ ಅಲುಗದೆ ಕುಳಿತ ಯೋಗೀಶ್ವರ. ಪೂರ್ವದಲ್ಲಿ ಒಂದು ಕಡೆ ಕೈಲಾಸದಲ್ಲಿ ಪಗಡೆಯಾಡುವ ಶಿವಪಾರ್ವತಿ, ಎದುರಿಗೆ ಅದೇ ಕೈಲಾಸವನ್ನು ಅಲುಗಿಸುವ ರಾವಣ. ಸದಾಶಿವನ ಎಡಬಲಕ್ಕೆ ಅರ್ಧನಾರೀಶ್ವರ ಮತ್ತು ಗಂಗಾಧರ. ಗರ್ಭಗುಡಿಯ ಒಂದು ಮಗ್ಗುಲಲ್ಲಿ ಶಿವನ ಮದುವೆ, ಇನ್ನೊಂದು ಮಗ್ಗುಲಲ್ಲಿ ಕೋರೆಹಲ್ಲು ಕಾಣಿಸುತ್ತ ಅಂಧಕಾಸುರನನ್ನು ಕೊಲ್ಲುವ ಶಿವ. ಒಂದನ್ನು ನೋಡಿ, ಹೊರಳಿ ಇನ್ನೊಂದನ್ನು ನೋಡದಿದ್ದರೆ ಅರ್ಧ ವಾಕ್ಯ ಓದಿದಂತೆ. ಅದಕ್ಕೆ ನನ್ನ ಸಲಹೆ ಇಷ್ಟು: ಒಳಗೆ ಬಂದ ಮೇಲೆ ಹತ್ತು ನಿಮಿಷ ಎಲ್ಲಿಯಾದರೂ ಸುಮ್ಮನೆ ನಿಲ್ಲಿ, ಕಣ್ಣು ಮಬ್ಬಿಗೆ ಹೊಂದಲಿ. ಆಮೇಲೆ ಪೂರ್ವದ ಅಂಗಳಕ್ಕೆ ಹೋಗಿ, ಅಲ್ಲಿಂದ ಲಿಂಗದ ಕಡೆಗೆ ನಡೆಯಿರಿ, ಮೇಲಿನ ಜೋಡಿಗಳನ್ನು ಒಂದೊಂದಾಗಿ ಕಾಣಿರಿ. ಸದಾಶಿವನನ್ನು ಕೊನೆಗೆ ಇಟ್ಟುಕೊಳ್ಳಿ.

ಸದಾಶಿವ ಎಂದೆ, ಮುಂಬಯಿಯಲ್ಲಿ ಎಲ್ಲರೂ ಅವನನ್ನು ತ್ರಿಮೂರ್ತಿ ಎನ್ನುತ್ತಾರೆ, ಬ್ರಹ್ಮ ವಿಷ್ಣು ಮಹೇಶ್ವರ ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ಅದು ಹಾಗಲ್ಲ. ಐದೂವರೆ ಮೀಟರಿನಷ್ಟು ಎತ್ತರದ ಆ ಮೂರ್ತಿಯ ಮುಖಗಳೆಲ್ಲ ಶಿವನವೇ. ಶೈವರ ಪಂಚಮುಖದಲ್ಲಿ ಮೂರು ಇಲ್ಲಿ ಕಾಣುತ್ತವೆ, ಹಿಂದಿನ ಒಂದು ಮತ್ತು ಮೇಲಿನ ಒಂದು ಬಂಡೆಯಲ್ಲೇ ಉಳಿದಿವೆ. ನಮ್ಮ ಎಡಕ್ಕೆ ಅಘೋರ: ಹುಬ್ಬು ಗಂಟಿಕ್ಕಿದೆ, ಮೀಸೆ ಸುರುಳಿಯಾಗಿದೆ, ಕೈಯಲ್ಲಿ ಹಾವು ಹೆಡೆ ಎತ್ತಿದೆ. ಬಲಕ್ಕೆ ವಾಮದೇವ: ಹೆಣ್ಣಿನ ಮೃದುವಾದ ಮುಖ, ಗುಂಗುರು ಕೂದಲು, ಕೈಯಲ್ಲಿ ತಾವರೆಯ ಮೊಗ್ಗು. ನಡುವೆ ಕಣ್ಣು ಮುಚ್ಚಿದಂತಿರುವ ತತ್ಪುರುಷ, ಕೆಳದುಟಿ ತುಂಬಿಕೊಂಡು, ಏನನ್ನೂ ಹೇಳದ ಮುಖ. ಮೊದಲು ಎಡದ ಮುಖವನ್ನು, ಆಮೇಲೆ ಬಲದ್ದನ್ನು ನೋಡಿ ಕೊನೆಗೆ ನಡುವಿನದಕ್ಕೆ ಬಂದರೆ, ಸಿಟ್ಟು ಮತ್ತು ಒಲವು ಎರಡೂ ಬಂದು ತಣಿಯುವ ಜಾಗ ಅದೆಂದು ಯಾರೂ ವಿವರಿಸದೆಯೇ ತಿಳಿಯುತ್ತದೆ.

‘ಆದರೆ ಎಲ್ಲ ಒಡೆದಿದೆಯಲ್ಲ’ ಎನ್ನುವುದು ದೊಡ್ಡ ಆಕ್ಷೇಪ, ಮತ್ತು ಪ್ರಾಮಾಣಿಕ ಆಕ್ಷೇಪ. ಪೋರ್ಚುಗೀಸ್ ಸಿಪಾಯಿಗಳು ಇಲ್ಲಿ ಗುರಿ ಹೊಡೆಯುವ ಅಭ್ಯಾಸ ಮಾಡಿದರೆಂದು ಎಲ್ಲ ಗೈಡುಗಳೂ ಹೇಳುತ್ತಾರೆ. ಮಳೆನೀರು ಜಿನುಗಿ ಬಂಡೆ ಸಡಿಲಾದದ್ದೂ ಇದೆ. ಗಮನಿಸಿ ನೋಡಿದರೆ ಹೆಚ್ಚಿನ ಮೂರ್ತಿಗಳಲ್ಲಿ ಹೋಗಿರುವುದು ಕೆಳಭಾಗ, ಕೈಕಾಲುಗಳು; ಮುಖ ಮತ್ತು ಎದೆ ಉಳಿದಿವೆ. ಇಲ್ಲಿಯೇ ಬಾದಾಮಿ ನಮ್ಮ ಕೈ ಹಿಡಿಯುತ್ತದೆ. ಘಾರಾಪುರಿಯ ನಟರಾಜನಿಗೆ ಈಗ ಕಾಲಿಲ್ಲ, ತೋಳುಗಳಲ್ಲಿ ಹೆಚ್ಚಿನವು ಇಲ್ಲ. ಬಾದಾಮಿಯ ಮೊದಲನೆಯ ಗುಹೆಯ ಹೊರಗೆ, ಬಲಗಡೆಯ ಬಂಡೆಯ ಮೇಲೆ ಹದಿನೆಂಟು ತೋಳುಗಳ ನಟರಾಜ ಇಡಿಯಾಗಿ ಇದ್ದಾನೆ. ಅದೇ ಗುಹೆಯಲ್ಲಿ ಅರ್ಧನಾರೀಶ್ವರನಿದ್ದಾನೆ. ಐಹೊಳೆಯ ರಾವಣಫಡಿಯಲ್ಲಿ ನಟರಾಜನೂ ಗಂಗಾಧರನೂ ಅರ್ಧನಾರೀಶ್ವರನೂ ಒಟ್ಟಿಗೆ ಇದ್ದಾರೆ. ಘಾರಾಪುರಿಯ ಕೆಲಸ ಆರನೆಯ ಶತಮಾನದ ನಡುಭಾಗದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಬಾದಾಮಿಯ ಮೂರನೆಯ ಗುಹೆಯ ಶಾಸನ 578ರದ್ದು. ಅಂದರೆ ಒಂದೆರಡು ತಲೆಮಾರಿನ ಅಂತರದಲ್ಲಿ, ಒಂದು ಕಡೆ ಮರಳುಗಲ್ಲಿನಲ್ಲಿ, ಇನ್ನೊಂದು ಕಡೆ ದಖನ್ನಿನ ಕರಿಗಲ್ಲಿನಲ್ಲಿ, ಅದೇ ಕಥೆಗಳನ್ನು ಕಡೆದಿದ್ದಾರೆ. ಬಾದಾಮಿಯನ್ನು ಮನಸ್ಸಿನಲ್ಲಿಟ್ಟುಕೊಂಡವರು ಇಲ್ಲಿ ಮುರಿದ ಕಾಲನ್ನು ತಾವೇ ತುಂಬಿಕೊಳ್ಳಬಲ್ಲರು. ತುಂಬಿಕೊಂಡ ಮೇಲೆ ವ್ಯತ್ಯಾಸವೂ ಕಾಣುತ್ತದೆ: ಬಾದಾಮಿಯ ನಟರಾಜ ತೋಳುಗಳಲ್ಲಿ ಕುಣಿಯುತ್ತಾನೆ, ಇಲ್ಲಿಯವನಿಗೆ ಕೈಕಾಲು ಹೋಗಿಯೂ ನಡುವಿನ ತಿರುವೊಂದರಲ್ಲೇ ಕುಣಿತ ಉಳಿದಿದೆ. ಮದುವೆಯ ಶಿಲ್ಪದಲ್ಲಿ ಪಾರ್ವತಿಯ ತಲೆ ಬಾಗಿರುವ ಬಗೆ ನೋಡಿ. ಹಿಡಿದ ಕೈ ಮುರಿದಿದೆ, ನಾಚಿಕೆ ಮುರಿದಿಲ್ಲ. ಹೊರಡುವ ಹಿಂದಿನ ರಾತ್ರಿ ಬಾದಾಮಿ, ರಾವಣಫಡಿಗಳ ನಾಲ್ಕು ಚಿತ್ರ ಫೋನಿನಲ್ಲಿ ಇಳಿಸಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ಗೈಡು ಬೇಕಿಲ್ಲ.

ಇದನ್ನು ಹೇಳುವಾಗ ಒಂದು ಎಚ್ಚರಿಕೆ ಅಗತ್ಯ. ‘ಇದು ನಮ್ಮ ಚಾಲುಕ್ಯರದೇ, ರಾಷ್ಟ್ರಕೂಟರದೇ’ ಎಂದು ಎದೆಯುಬ್ಬಿಸುವ ಆಸೆ ನಮಗೆ ಆಗುವುದು ಸಹಜ. ಹಿಂದೆ ರಾಷ್ಟ್ರಕೂಟರ ಹೆಸರು ಹೇಳುತ್ತಿದ್ದ ಪುಸ್ತಕಗಳೂ ಇದ್ದವು. ಈಗ ಹೆಚ್ಚು ಒಪ್ಪಿಗೆಯಿರುವುದು ಕಳಚುರಿಗಳ ಕಾಲವೆಂಬ ವಾದಕ್ಕೆ. ಕಳಚುರಿ ಕೃಷ್ಣರಾಜನ ನಾಣ್ಯಗಳು ದ್ವೀಪದಲ್ಲಿ ಸಿಕ್ಕಿರುವುದು ಅದಕ್ಕೆ ಒಂದು ಆಧಾರ. ಇಲ್ಲಿದ್ದ ಒಂದು ಶಾಸನವನ್ನು ಪೋರ್ಚುಗೀಸರು ತಮ್ಮ ದೇಶಕ್ಕೆ ಕಳಿಸಿದರು, ಅಲ್ಲಿ ಅದು ಕಳೆದುಹೋಯಿತು. ಆದ್ದರಿಂದ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಓದುವ ಅವಕಾಶ ಯಾರಿಗೂ ಉಳಿದಿಲ್ಲ. ಕನ್ನಡ ನಾಡಿನ ಸಂಬಂಧ ಬೇರೆ ಬಗೆಯದು. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ 634ರಲ್ಲಿ ಬರೆದ ಶಾಸನ, ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿ, ಪಶ್ಚಿಮ ಸಮುದ್ರದ ಸಿರಿಯೆನಿಸಿದ್ದ ಪುರಿಯನ್ನು ಮದದಾನೆಗಳಂಥ ನೂರಾರು ಹಡಗುಗಳಿಂದ ಮುತ್ತಿದ್ದನ್ನು ಹೇಳುತ್ತದೆ. ಆ ಪುರಿ ಇದೇ ಘಾರಾಪುರಿ ಎಂದು ಹಲವರು, ಕೊಂಕಣದ ಬೇರೆ ಜಾಗವೆಂದು ಕೆಲವರು ವಾದಿಸಿದ್ದಾರೆ. ಇದೇ ಆದರೆ, ಪುಲಕೇಶಿಯ ದಂಡು ಬಂದಾಗ ಈ ಸದಾಶಿವ ಆಗಲೇ ಇಲ್ಲಿದ್ದ. ನಾವು ಕಟ್ಟಿದೆವು ಎನ್ನುವುದಕ್ಕಿಂತ, ಮುತ್ತಲು ಬಂದ ನಮ್ಮವರೂ ಇದನ್ನು ಕಂಡಿರಬಹುದು ಎಂಬುದೇ ನನಗೆ ಹೆಚ್ಚು ರೋಮಾಂಚನದ ಸಂಗತಿ. ರವಿಕೀರ್ತಿ ಹಡಗುಗಳಿಗೆ ಆನೆಯ ಹೋಲಿಕೆ ಕೊಟ್ಟ ಸುಮಾರು 900 ವರ್ಷಗಳ ಮೇಲೆ, ಬಂದರಿನ ಬಳಿ ಇದ್ದ ಕಲ್ಲಾನೆಯನ್ನು ನೋಡಿ ಪೋರ್ಚುಗೀಸರು ಇದನ್ನು ಎಲಿಫೆಂಟಾ ಎಂದು ಕರೆದದ್ದು ಬರೀ ಕಾಕತಾಳೀಯ. ಪಟ್ಟದಕಲ್ಲು ಮತ್ತು ಘಾರಾಪುರಿ ಎರಡೂ 1987ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದೂ ಹಾಗೆಯೇ. ಆದರೂ ನೆನಪಿಡಲು ಚೆನ್ನ.

ಗುಹೆ ನೋಡಬೇಕಾದರೆ ಸಮುದ್ರ ಯಾಕೆ ದಾಟಬೇಕು, ಲೋಕಲ್ ಹಿಡಿದರೆ ಜೋಗೇಶ್ವರಿಯ ಗುಹೆ ಇಲ್ಲವೇ, ಬೊರಿವಲಿಯಲ್ಲಿ ಕಾನ್ಹೇರಿ ಇಲ್ಲವೇ ಎಂದು ಉಪನಗರದವರು ಕೇಳಬಹುದು. ಖಂಡಿತ ಇವೆ, ಖಂಡಿತ ಹೋಗಬೇಕು. ಜೋಗೇಶ್ವರಿಯದು ಘಾರಾಪುರಿಗಿಂತ ತುಸು ಹಳೆಯದೆಂದು ಎಣಿಸುವ ವಿಶಾಲ ಗುಹೆ, ಕಾನ್ಹೇರಿಯಲ್ಲಿ ನಮ್ಮ ಅಮೋಘವರ್ಷನ ಕಾಲದ ಶಾಸನಗಳೇ ಇವೆ. ಆದರೆ ಜೋಗೇಶ್ವರಿಯ ಶಿಲ್ಪಗಳು ಬಹಳ ಸವೆದಿವೆ, ಕಾನ್ಹೇರಿ ಬೌದ್ಧರದು, ಅದರ ಸೊಗಸೇ ಬೇರೆ. ಘಾರಾಪುರಿಯನ್ನು ಕಂಡ ಮೇಲೆ ಜೋಗೇಶ್ವರಿಗೆ ಹೋದರೆ ಅಲ್ಲಿ ಸವೆದದ್ದೇನೆಂದು ಗೊತ್ತಾಗುತ್ತದೆ. ಮೊದಲು ಅಲ್ಲಿಗೆ ಹೋದರೆ ಗೊತ್ತಾಗುವುದಿಲ್ಲ.

ಮಕ್ಕಳು ಬೇಸರಪಡುತ್ತಾರೆ, ಆರು ಗಂಟೆ ಕಲ್ಲು ನೋಡುವವರಾರು ಎಂಬ ಮಾತೂ ಸರಿಯೇ. ಆರು ಗಂಟೆ ಕಲ್ಲು ನೋಡಿ ಎಂದು ನಾನೂ ಹೇಳುವುದಿಲ್ಲ. ಮುಖ್ಯ ಗುಹೆಗೆ ಒಂದೂವರೆ ಗಂಟೆ ಸಾಕು. ಮಕ್ಕಳಿಗೆ ಒಂದು ಕೆಲಸ ಕೊಡಿ, ಗಂಗಾಧರನ ನೆತ್ತಿಯ ಮೇಲೆ ಮೂರು ತಲೆಯ ಗಂಗೆಯನ್ನು ಹುಡುಕಲಿ, ದ್ವಾರಪಾಲಕರನ್ನು ಎಣಿಸಲಿ. ಆಮೇಲೆ ಊಟ. ಆಮೇಲೆ ಹೆಚ್ಚಿನವರು ಕಾಲಿಡದ ಉಳಿದ ದ್ವೀಪ. ಇದೇ ಬೆಟ್ಟದ ಬದಿಯಲ್ಲಿ ಸಾಲಾಗಿ ಇನ್ನೂ ನಾಲ್ಕು ಗುಹೆಗಳಿವೆ, ಕೆಲವು ಅರೆಬರೆ ಕೊರೆದವು. ಬಂಡೆಯಿಂದ ಕಂಬ ಹೇಗೆ ಹುಟ್ಟುತ್ತದೆಂದು ತಿಳಿಯಲು ಮುಗಿಯದ ಗುಹೆಯೇ ಒಳ್ಳೆಯ ಪಾಠ. ಮೇಲಕ್ಕೆ ಹೋದರೆ ಬ್ರಿಟಿಷರು ಬಿಟ್ಟುಹೋದ ಎರಡು ದೊಡ್ಡ ಫಿರಂಗಿಗಳು, ಅಲ್ಲಿಂದ ಇಡೀ ಬಂದರು ಕಾಣುತ್ತದೆ. ಪೂರ್ವದ ಗುಡ್ಡದಲ್ಲಿ ಬೌದ್ಧ ಗುಹೆಗಳಿವೆ, ಸ್ತೂಪದ ಅವಶೇಷವಿದೆ; ಈ ದ್ವೀಪ ಶೈವರಿಗಿಂತ ಮೊದಲೇ ಬಳಕೆಯಲ್ಲಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಮತ್ತೆ ಜನ. ಶೇತಬಂದರ, ಮೋರಬಂದರ, ರಾಜಬಂದರ ಎಂದು ಮೂರು ಹಳ್ಳಿಗಳಿವೆ ಇಲ್ಲಿ. ಆಡಳಿತದ ಲೆಕ್ಕದಲ್ಲಿ ಇದು ಮುಂಬಯಿಯೇ ಅಲ್ಲ, ರಾಯಗಡ ಜಿಲ್ಲೆಯ ಉರಣ ತಾಲೂಕು. ಎದುರಿಗೆ ರಾತ್ರಿಯಿಡೀ ಬೆಳಗುವ ನಗರವಿದ್ದೂ ಈ ಹಳ್ಳಿಗಳಿಗೆ ಸರಿಯಾದ ವಿದ್ಯುತ್ತು ಬಂದದ್ದು 2018ರ ಫೆಬ್ರವರಿಯಲ್ಲಿ, ಸಮುದ್ರದಡಿ ಏಳೂವರೆ ಕಿಲೋಮೀಟರ್ ಕೇಬಲ್ ಎಳೆದ ಮೇಲೆ. ಅಲ್ಲಿಯವರೆಗೆ ಸಂಜೆ ಕೆಲವು ಗಂಟೆ ಜನರೇಟರಿನ ಬೆಳಕು. ಪ್ರವಾಸಿಗರಿಗೆ ರಾತ್ರಿ ಉಳಿಯಲು ಅನುಮತಿ ಇಲ್ಲ. ಹಾಗಾಗಿ ಇಲ್ಲಿಯವರ ಸಂಪಾದನೆಯೆಲ್ಲ ನಮ್ಮ ಹಗಲಿನ ಕೆಲವು ಗಂಟೆಗಳಲ್ಲೇ ಆಗಬೇಕು. ಮೆಟ್ಟಿಲ ಮೇಲಿನ ಅಂಗಡಿಯವರು ಕೂಗಿ ಕರೆಯುವುದು ಕಿರಿಕಿರಿ ಎನ್ನುವವರು ಇದನ್ನು ನೆನೆಯಬೇಕು. ಊಟ ದ್ವೀಪದಲ್ಲೇ ಮಾಡಿ, ಮನೆಯ ಡಬ್ಬ ತಂದಿದ್ದರೂ ಮಜ್ಜಿಗೆಯೋ ಚಹಾವೋ ಅಲ್ಲೇ ಕುಡಿಯಿರಿ. ಖಾಲಿ ಬಾಟಲಿಗಳನ್ನು ವಾಪಸು ತನ್ನಿ. ಅಲ್ಲಿ ಎಸೆದ ಪ್ಲಾಸ್ಟಿಕ್ಕು ಮತ್ತೆ ಲಾಂಚಿನಲ್ಲೇ ಹೊರಗೆ ಹೋಗಬೇಕು, ಇಲ್ಲವೇ ಕಾಂಡ್ಲಾ ಬೇರುಗಳಿಗೆ ಸಿಕ್ಕಿ ಅಲ್ಲೇ ಉಳಿಯುತ್ತದೆ.

ಕಾಲ ನವೆಂಬರಿನಿಂದ ಫೆಬ್ರವರಿ. ಜೂನಿನಿಂದ ಆಗಸ್ಟ್‌ವರೆಗೆ ಬೆಟ್ಟ ಹಸಿರಾಗಿ ಚೆಂದ, ಆದರೆ ಲಾಂಚು ಹೊರಡುವುದೇ ಹವೆಯ ಮೇಲೆ ನಿಂತಿರುತ್ತದೆ, ಮೆಟ್ಟಿಲು ಜಾರುತ್ತದೆ. ವಯಸ್ಸಾದವರೊಡನೆ ಆಗ ಹೋಗದಿರುವುದೇ ಒಳ್ಳೆಯದು. ಯಾವ ತಿಂಗಳಾದರೂ ಕೊನೆಯ ಲಾಂಚಿಗೆ ಕಾಯಬೇಡಿ, ನಾಲ್ಕೂವರೆಗೆ ಧಕ್ಕೆಯಲ್ಲಿರಿ. ಆ ಹೊತ್ತಿಗೆ ಹೊರಟರೆ ಸೂರ್ಯ ನಗರದ ಹಿಂದೆ ಇಳಿಯುತ್ತಿರುತ್ತಾನೆ, ಗೇಟ್‌ವೇ ಕಪ್ಪು ಆಕಾರವಾಗಿ ಹತ್ತಿರವಾಗುತ್ತದೆ.

ದ್ವೀಪಕ್ಕೆ ಹೆಸರು ಕೊಟ್ಟ ಆ ಕಲ್ಲಾನೆ ಅಲ್ಲಿ ಸಿಗುವುದಿಲ್ಲ. 1864ರಲ್ಲಿ ಬ್ರಿಟಿಷರು ಅದನ್ನು ಇಂಗ್ಲೆಂಡಿಗೆ ಒಯ್ಯಲು ಎತ್ತುವಾಗ ಕ್ರೇನಿನಿಂದ ಬಿದ್ದು ಒಡೆಯಿತು. ತುಂಡುಗಳನ್ನು ಮುಂಬಯಿಗೆ ತಂದು, 1914ರಲ್ಲಿ ಮತ್ತೆ ಜೋಡಿಸಿದರು. ಈಗ ಅದು ಬೈಕಲಾದ ಜಿಜಾಮಾತಾ ಉದ್ಯಾನದಲ್ಲಿ, ಅಂದರೆ ರಾಣಿಬಾಗಿನಲ್ಲಿ, ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಪಕ್ಕದಲ್ಲಿ ನಿಂತಿದೆ. ಹತ್ತಿರ ಹೋದರೆ ಜೋಡಿಸಿದ ಗೆರೆಗಳು ಕಾಣುತ್ತವೆ. ಇನ್ನೊಂದು ದಿನ ಮಕ್ಕಳನ್ನು ರಾಣಿಬಾಗಿಗೆ ಕರೆದುಕೊಂಡು ಹೋದಾಗ ಪೆಂಗ್ವಿನ್ ನೋಡುವ ಮೊದಲು ಇದನ್ನು ತೋರಿಸಿ. ಬುಧವಾರ ಅಲ್ಲಿ ರಜೆ.